ಯಂತ್ರ ಸರಿಯಾಗಿದೆ ಎಂದು ಬರೆದುಕೊಟ್ಟ ಕಾಗದ

ನಿವೃತ್ತನಾಗಿ ಎರಡು ವರ್ಷವಾಯಿತು. ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಗೆ ಆಗಾಗ ಹೊಸದಾಗಿ ಕೆಲಸಕ್ಕೆ ಸೇರಿದವರು ಬರುತ್ತಾರೆ. ಲಿನಕ್ಸ್ ಯಂತ್ರದಲ್ಲಿ ಪ್ರೋಗ್ರಾಂ ಸಿಗಲಿಲ್ಲ ಎಂದು ತೋರಿಸುತ್ತದೆ, ಏನು ಮಾಡಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳಿ ಕಳಿಸುತ್ತೇನೆ. ಒಂದು ಸಂಗತಿಯನ್ನು ಮಾತ್ರ ಪ್ರತಿ ಸಲ ಅರ್ಧಕ್ಕೆ ನಿಲ್ಲಿಸಿದ್ದೇನೆ. ಅದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ.

ನಾನು ಕೆಲಸ ಮಾಡಿದ್ದು ಕುಡಿಯುವ ನೀರನ್ನು ಪರೀಕ್ಷಿಸುವ ಒಂದು ಖಾಸಗಿ ಸಂಸ್ಥೆಯಲ್ಲಿ. ಮುಖ್ಯ ಕಚೇರಿ ಬೀದರಿನ ಮೈಲೂರದಲ್ಲಿತ್ತು. ಭಾಲ್ಕಿ ಮತ್ತು ಔರಾದಿನಲ್ಲಿ ಒಂದೊಂದು ಸಣ್ಣ ಪ್ರಯೋಗಾಲಯ. ಹಳ್ಳಿಗಳ ಬೋರ್‌ವೆಲ್‌ಗಳಿಂದ ಬಾಟಲಿಯಲ್ಲಿ ನೀರು ಬರುತ್ತಿತ್ತು. ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಿ, ಕುಡಿಯಲು ಯೋಗ್ಯವೋ ಅಲ್ಲವೋ ಎಂದು ವರದಿ ಕೊಡುತ್ತಿದ್ದೆವು. ನಾನು ಸೇರಿದಾಗ ಲೆಕ್ಕವನ್ನೆಲ್ಲ ಕೈಯಲ್ಲೇ ಮಾಡಿ ಕಾರ್ಬನ್ ಹಾಳೆ ಇಟ್ಟು ಬರೆಯುತ್ತಿದ್ದರು. ಆಮೇಲೆ ಲಿನಕ್ಸ್ ಯಂತ್ರಗಳು ಬಂದವು. ಮೂರೂ ಕಡೆಯ ಪ್ರೋಗ್ರಾಂ ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು.

ಓದುವವರಿಗೆ ಒಂದೇ ಒಂದು ತಾಂತ್ರಿಕ ವಿಷಯ ಹೇಳಿಬಿಡುತ್ತೇನೆ. ಪ್ರೋಗ್ರಾಮಿನ ಹೆಸರು ಕೊಟ್ಟರೆ ಯಂತ್ರ ಅದನ್ನು ಎಲ್ಲ ಕಡೆ ಹುಡುಕುವುದಿಲ್ಲ. ಯಾವ ಯಾವ ಫೋಲ್ಡರಿನಲ್ಲಿ, ಯಾವುದರ ನಂತರ ಯಾವುದರಲ್ಲಿ ಹುಡುಕಬೇಕು ಎಂಬ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಪಾಥ್ ಎನ್ನುತ್ತೇವೆ. ಅದೇ ಹೆಸರಿನ ಪ್ರೋಗ್ರಾಂ ಎರಡಿದ್ದರೆ, ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಈ ಪಟ್ಟಿ ಯಂತ್ರಕ್ಕೆಲ್ಲ ಒಂದೇ ಆಗಿರಬೇಕೆಂದಿಲ್ಲ. ಬೇರೆ ಬೇರೆ ಹೆಸರಿನಿಂದ ಲಾಗಿನ್ ಆಗಿ ಒಳಗೆ ಹೋದವರಿಗೆ ಬೇರೆ ಬೇರೆ ಇರಬಹುದು. ಈ ಕೊನೆಯ ಮಾತು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಏನಾಯಿತು ಎಂಬುದನ್ನೇ ಹೇಳಲು ಹೊರಟಿದ್ದೇನೆ.

ಮೊದಲ ದೊಡ್ಡ ತಪ್ಪು ಮಾಡಿದ್ದು ಭಾಲ್ಕಿಯಲ್ಲಿ. ಹೊಸ ಪ್ರೋಗ್ರಾಂ ಹಾಕಿ, ಅದರ ಫೋಲ್ಡರನ್ನು ಪಟ್ಟಿಗೆ ಸೇರಿಸಬೇಕಿತ್ತು. ಯಂತ್ರ ಶುರುವಾಗುವಾಗ ಓದುವ ಫೈಲಿನಲ್ಲಿ ಒಂದು ಸಾಲು ಬರೆದೆ. ಹಳೆಯ ಪಟ್ಟಿಯ ಜೊತೆಗೆ ಹೊಸದು ಎಂದು ಬರೆಯುವ ಬದಲು ಬರೀ ಹೊಸದನ್ನಷ್ಟೇ ಬರೆದಿದ್ದೆ. ಉಳಿದ ಫೋಲ್ಡರುಗಳೆಲ್ಲ ಪಟ್ಟಿಯಿಂದ ಹೋದವು. ಅದು ತಿಳಿಯದೆ ರೈಲು ಹತ್ತಿ ಬೀದರಿಗೆ ಬಂದೆ. ಮರುದಿನ ಕಚೇರಿಯಲ್ಲಿ ಕೂತಿದ್ದಾಗ ಭಾಲ್ಕಿಯ ಆಪರೇಟರ್ ಬಸವರಾಜ ಫೋನ್ ಮಾಡಿದ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ತಮಾಷೆಯ ಮನುಷ್ಯ.

"ಸರ್, ನಿಮ್ಮ ಯಂತ್ರ ಇವತ್ತು ಮೌನ ವ್ರತ ಹಿಡದಾದ್ರಿ. ಏನು ಕೇಳಿದ್ರೂ ಸಿಗಂಗಿಲ್ಲ, ಸಿಗಂಗಿಲ್ಲ ಅಂತದ. ಫೈಲು ಎಣಸು ಅಂದ್ರೂ ಸಿಗಂಗಿಲ್ಲ ಅಂತದ. ನಿನ್ನಿ ಅದರ ಕಿವ್ಯಾಗ ಏನು ಹೇಳಿ ಹೋದ್ರಿ?"

ಆಗ ನನ್ನ ಮೇಲಧಿಕಾರಿ ರಶೀದ್ ಸಾಹೇಬರು. ಅವರು ಫೋನು ತೆಗೆದುಕೊಂಡು, ಪಟ್ಟಿಯ ಹಂಗಿಲ್ಲದಂತೆ ಪ್ರತಿ ಪ್ರೋಗ್ರಾಮಿನ ಪೂರ್ತಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಬಸವರಾಜನಿಂದ ಬರೆಸಿ, ಹತ್ತು ನಿಮಿಷದಲ್ಲಿ ಎಲ್ಲ ಸರಿ ಮಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ವೈಜನಾಥ, ಹೊಸ ಮನಿ ವಿಳಾಸ ಬರ್ಕೊಂಡು ಬಾ ಅಂದ್ರ ಊರ ನಕ್ಷಾನೇ ಅಳಿಸಿ ಬಂದೀಯಲ್ಲೋ. ಮುಟ್ಟೋದ್ಕಿಂತ ಮೊದ್ಲ ಪಟ್ಟಿ ಹ್ಯಾಂಗಿತ್ತು, ಮುಟ್ಟಿದ ಮ್ಯಾಲೆ ಹ್ಯಾಂಗಾಯ್ತು, ಎರಡೂ ಕಾಗಜದ ಮ್ಯಾಲೆ ಬರಿ. ತಲ್ಯಾಗ ಇಟ್ಕೋಬ್ಯಾಡ."

ಆ ಪಾಠವನ್ನು ಕಲಿತೆ. ಅದರ ಜೊತೆಗೆ ಒಂದು ಅಂಜಿಕೆಯೂ ಬಂದು ಸೇರಿಕೊಂಡಿತು. ಶುರುವಾಗುವಾಗ ಓದುವ ಆ ಫೈಲನ್ನು ಮುಟ್ಟಬೇಕೆಂದರೆ ಕೈ ಹಿಂದೆ ಸರಿಯುತ್ತಿತ್ತು. ಆದೇಶ ಕೊಡುವ ಕಪ್ಪು ಪರದೆಯಲ್ಲಿ, ಯಂತ್ರ ಆರುವ ತನಕ ಮಾತ್ರ ಉಳಿಯುವ ಒಂದು ಸಾಲನ್ನು ತಾತ್ಕಾಲಿಕವಾಗಿ ಹೊಡೆದು ಕೆಲಸ ಸಾಗಿಸುವುದು, ಆಮೇಲೆ ಫೈಲಿನಲ್ಲಿ ಬರೆದರಾಯಿತು ಎನ್ನುವುದು ರೂಢಿಯಾಯಿತು. ಆ ಆಮೇಲೆ ಎಂಬುದು ಎಷ್ಟೋ ಸಲ ಬರಲೇ ಇಲ್ಲ.

ರಶೀದ್ ಸಾಹೇಬರು ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ, ನನ್ನ ಸೇವೆಯ ಕೊನೆಯ ಭಾಗದಲ್ಲಿ, ಔರಾದಿನ ಪ್ರಯೋಗಾಲಯಕ್ಕೆ ನೀರು ಪರೀಕ್ಷಿಸುವ ಹೊಸ ಮೀಟರ್ ಬಂತು. ಮೀಟರ್ ಕೊಡುವುದು ಬರೀ ಒಂದು ಸಂಖ್ಯೆ. ಅದನ್ನು ಫ್ಲೋರೈಡಿನ ಪ್ರಮಾಣವಾಗಿ ಬದಲಿಸುವುದು ಪ್ರೋಗ್ರಾಂ. ಹೊಸ ಮೀಟರಿಗೆ ಹೊಸ ಪ್ರೋಗ್ರಾಂ ಬೇಕಾಗಿತ್ತು. ಅದನ್ನು ಬೇರೆ ಫೋಲ್ಡರಿನಲ್ಲಿ ಹಾಕಿದೆ. ಹಳೆಯದನ್ನು ತೆಗೆಯಲಿಲ್ಲ; ಹಳೆಯ ಫೈಲುಗಳಿಗೆ ಬೇಕಾಗಬಹುದು ಎನಿಸಿತ್ತು. ಎರಡಕ್ಕೂ ಹೆಸರು ಒಂದೇ.

ಅಲ್ಲಿಯವರು ದಿನವೂ ಬಳಸುವ ಪ್ರಯೋಗಾಲಯದ ಹೆಸರಿನಿಂದ ಒಳಗೆ ಹೋಗಿ, ಕಪ್ಪು ಪರದೆಯಲ್ಲಿ ಹೊಸ ಫೋಲ್ಡರನ್ನು ಪಟ್ಟಿಯ ತಲೆಗೆ ಸೇರಿಸಿ, ವರದಿ ತಯಾರಿಸುವ ಕೆಲಸವನ್ನು ಆ ಪರದೆಯಿಂದಲೇ ಶುರು ಮಾಡಿದೆ. ಅಂಕಿಗಳು ಸರಿ ಬಂದವು. ಶುರುವಾಗುವ ಫೈಲಿನಲ್ಲಿ ಬರೆಯುವುದು ಉಳಿಯಿತು. ನಾಲ್ಕೂವರೆಗೆ ಬೀದರಿನ ಬಸ್ಸಿತ್ತು. ಔರಾದಿಗೆ ರೈಲಿಲ್ಲ, ಆ ಬಸ್ಸು ತಪ್ಪಿದರೆ ಮುಂದಿನದರ ಭರವಸೆ ಇರಲಿಲ್ಲ. ಮುಂದಿನ ಸಲ ಬಂದಾಗ ಬರೆಯೋಣ ಎಂದುಕೊಂಡೆ. ಯಂತ್ರಕ್ಕೆ ಒಳ್ಳೆಯ ಬ್ಯಾಟರಿ ಇತ್ತು, ಕರೆಂಟು ಹೋದರೂ ನಿಲ್ಲುತ್ತಿರಲಿಲ್ಲ. ಅದು ಆರದಿರುವಷ್ಟು ದಿನ ಎಲ್ಲ ಸರಿಯಿರುತ್ತಿತ್ತು. ಇದು ಶ್ರಾವಣದ ಮಾತು.

ಔರಾದಿನಲ್ಲಿ ಪರೀಕ್ಷೆ ಮಾಡುತ್ತಿದ್ದವಳು ಪ್ರಜ್ಞಾ. ಅಲ್ಲಿಂದ ಟಂಟಂ ಆಟೊದಲ್ಲಿ ಅರ್ಧ ಗಂಟೆಯ ಒಂದು ಹಳ್ಳಿಯವಳು. ಬೌದ್ಧರ ಮನೆತನ, ತಂದೆ ಇಲ್ಲ, ಓದಿಸಿದ್ದು ತಾಯಿ. ವರ್ಷ ವರ್ಷಕ್ಕೆ ನವೀಕರಿಸುವ ಕರಾರಿನ ಕೆಲಸ ಅವಳದು. ಮೀಟರಿನ ಸಂಖ್ಯೆ ಹೇಗೂ ಯಂತ್ರಕ್ಕೆ ಹೋಗುತ್ತಿತ್ತು; ಆದರೂ ಅವಳು ತನ್ನ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ನಾನು ಒಮ್ಮೆ ನಕ್ಕಿದ್ದೆ.

"ಯಂತ್ರದಾಗ ಅದಲ್ಲಮ್ಮಾ, ಮತ್ಯಾಕ ಬರೀತಿ?"

"ಬರದ್ರ ಕೈಗಿ ಮಾಲೂಮ್ ಆಗ್ತದ್ರಿ ಸರ್," ಎಂದಿದ್ದಳು.

ಆ ವರ್ಷ ದೀಪಾವಳಿ ಮುಗಿದು ಕೆಲವು ವಾರಗಳ ಮೇಲೆ ಮುಖ್ಯ ಕಚೇರಿಗೆ ಒಂದು ದೂರು ಬಂತು. ಪ್ರಜ್ಞಾಳ ಊರಿನದೇ ಬೋರ್‌ವೆಲ್, ನಮ್ಮ ಕಡೆ ಬೋರಿಂಗ್ ಎನ್ನುತ್ತೇವೆ. ಅದರ ನೀರು ಕುಡಿಯಲು ಯೋಗ್ಯ ಎಂದು ನಮ್ಮ ವರದಿ ಹೇಳಿತ್ತು, ಹಸಿರು ಫಲಕವನ್ನೂ ಹಾಕಲಾಗಿತ್ತು. ಅಲ್ಲಿಯ ಶಾಲೆಯ ಮೇಷ್ಟ್ರು ಅನುಮಾನ ಬಂದು ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಮಿತಿಗಿಂತ ಹೆಚ್ಚು ಬಂದಿತ್ತು. ಬೀದರಿನಲ್ಲಿ ನಾವೂ ಮಾಡಿದೆವು. ಹೆಚ್ಚೇ ಬಂತು. ಮ್ಯಾನೇಜರ್ ಸಾಹೇಬರು ನನ್ನನ್ನು ಔರಾದಿಗೆ ಕಳಿಸಿದರು. ಯಂತ್ರ ತಪ್ಪೋ, ಮನುಷ್ಯರು ತಪ್ಪೋ ನೋಡಿ ಬರೆದುಕೊಡಬೇಕು.

ಆ ಮಧ್ಯಾಹ್ನ ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಯಂತ್ರದ ಮುಂದೆ ಕುಳಿತೆ. ನನ್ನ ಹೆಸರಿನಿಂದ ಒಳಗೆ ಹೋದೆ. ಆ ಬೋರಿಂಗಿನ ಮೀಟರ್ ಸಂಖ್ಯೆ ಫೈಲಿನಲ್ಲಿತ್ತು. ಪ್ರಜ್ಞಾಳ ನೋಟುಬುಕ್ಕಿನಲ್ಲೂ ಅದೇ ಇತ್ತು. ಪ್ರೋಗ್ರಾಂ ಓಡಿಸಿದೆ. ಮಿತಿಗಿಂತ ಹೆಚ್ಚಿನ ಅಂಕಿ ಬಂತು. ಎರಡನೆಯ ಸಲ ಓಡಿಸಿದೆ. ಅದೇ ಬಂತು. ವರದಿಯಲ್ಲಿದ್ದದ್ದು ಕಡಿಮೆ ಅಂಕಿ. ಯಂತ್ರ ಹೆಚ್ಚು ಹೇಳುತ್ತಿದೆ, ವರದಿ ಕಡಿಮೆ ಹೇಳುತ್ತಿದೆ ಎಂದರೆ ನಡುವೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥವಾಗುತ್ತದೆ.

ಪ್ರಜ್ಞಾ ನನ್ನ ಹಿಂದೆ ನಿಂತಿದ್ದಳು. "ನಾ ಏನೂ ಬದಲ್ ಮಾಡಿಲ್ರಿ ಸರ್. ಯಂತ್ರ ಕೊಟ್ಟಿದ್ದೇ ಛಾಪ್ಸೀನಿ."

"ಯಂತ್ರ ಈಗ ಏನು ಕೊಡ್ತು, ನೀನೇ ನೋಡಿದಿಯಲ್ಲಮ್ಮಾ."

"ನೋಡೀನ್ರಿ. ಜರಾ ಲ್ಯಾಬಿನ ಹೆಸರಿಂದ ಹೋಗಿ ಒಂದ್ಸಲ ನೋಡ್ರಿ. ನಾ ದಿನಾ ಮಾಡೋ ಹಂಗ."

"ಯಾರ ಹೆಸರಿಂದ ಹೋದ್ರೂ ಯಂತ್ರ ಒಂದೇ," ಎಂದೆ.

ಗಡಿಯಾರ ನೋಡಿದೆ. ನಾಲ್ಕು ದಾಟಿತ್ತು. ಒಂದು ಹಾಳೆಯಲ್ಲಿ ಐದು ಸಾಲು ಬರೆದೆ. ಯಂತ್ರ ಸರಿಯಾಗಿದೆ, ಪ್ರೋಗ್ರಾಂ ಸರಿಯಾಗಿದೆ, ವರದಿಯಲ್ಲಿರುವ ಅಂಕಿ ಯಂತ್ರ ಕೊಟ್ಟದ್ದಲ್ಲ. ಕೆಳಗೆ ಸಹಿ ಹಾಕಿದೆ. ಬಸ್ಸು ಸಿಕ್ಕಿತು.

ನಾಲ್ಕನೆಯ ದಿನ ಪ್ರಜ್ಞಾಳನ್ನು ಕೆಲಸದಿಂದ ದೂರ ಇಟ್ಟರು. ಮೂರು ವಾರದ ಮೇಲೆ ವಿಚಾರಣೆ ಎಂದು ಗೊತ್ತುಮಾಡಿದರು. ಪರೀಕ್ಷೆಯ ಅಂಕಿ ತಿದ್ದಿದವಳು ಎಂದು ಒಮ್ಮೆ ಬರೆದರೆ ಮುಂದೆ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅವಳ ಊರಿನಲ್ಲಿ ಸುದ್ದಿ ಇನ್ನೊಂದು ಬಗೆಯಲ್ಲಿ ಹರಡಿತ್ತು. ನಮ್ಮೂರ ಮಗಳೇ ನಮಗೆ ಕೆಟ್ಟ ನೀರು ಕುಡಿಸಿದಳು ಎಂದು ಹೆಂಗಸರು ಅವಳ ತಾಯಿಯ ಎದುರೇ ಅಂದರಂತೆ. ಇದನ್ನು ನಾನು ಆಗ ಕೇಳಿರಲಿಲ್ಲ, ಆಮೇಲೆ ತಿಳಿದದ್ದು.

ಎರಡು ವಾರ ಕಳೆದಿರಬೇಕು. ಮುಂಜಾನೆ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಬಸವರಾಜ ಭಾಲ್ಕಿಯಿಂದ ಫೋನ್ ಮಾಡಿದ.

"ಸರ್, ನೀವು ಮೊನ್ನಿ ಹಾಕಿ ಹೋದ ಪ್ರೋಗ್ರಾಂ ನಿಮಗ ಅಷ್ಟೇ ಮರ್ಯಾದಿ ಕೊಡ್ತದೇನ್ರಿ? ನಾ ಕರದ್ರ ಬರವಲ್ದು."

ಇಂಥ ಫೋನಿಗೆ ನನ್ನ ಮೊದಲ ಪ್ರಶ್ನೆ ವರ್ಷಗಳಿಂದ ಒಂದೇ. ಯೋಚಿಸದೆ ಬಾಯಿಗೆ ಬರುತ್ತಿತ್ತು. "ಯಾರ ಹೆಸರಿಂದ ಒಳಗ ಹೋಗೀದಿ?"

"ನನ್ನ ಹೆಸರಿಂದರಿ. ಮತ್ತ್ಯಾರ ಹೆಸರಿಂದ ಹೋಗ್ಲಿ?"

ಬಸವರಾಜ ಎರಡು ಸಲ ಸರ್, ಸರ್ ಎಂದ. ಲೈನು ಕಟ್ಟಾಯಿತೆಂದು ಇಟ್ಟುಬಿಟ್ಟ. ನಾನು ಆ ಪ್ರಶ್ನೆಯನ್ನು ಭಾಲ್ಕಿಯವರಿಗೆ ಕೇಳಿದ್ದೆ, ಮೈಲೂರದವರಿಗೆ ಕೇಳಿದ್ದೆ, ಹೊಸಬರಿಗೆಲ್ಲ ಕೇಳಲು ಕಲಿಸಿದ್ದೆ. ಔರಾದಿನಲ್ಲಿ ಪ್ರಜ್ಞಾ ಬಾಯಿಬಿಟ್ಟು ಹೇಳಿದಾಗಲೂ ನನಗೆ ನಾನು ಕೇಳಿಕೊಂಡಿರಲಿಲ್ಲ. ನನ್ನ ಹೆಸರಿನ ಸೆಟ್ಟಿಂಗಿನ ಫೈಲನ್ನು ನಾನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಹೋದ ಕಡೆಯೆಲ್ಲ ಹಾಕಿಕೊಳ್ಳುತ್ತಿದ್ದೆ. ಅದರಲ್ಲಿ ಹೊಸ ಫೋಲ್ಡರು ಮೊದಲೇ ಇತ್ತು. ನಾನು ಯಾವ ಯಂತ್ರದ ಮುಂದೆ ಕುಳಿತರೂ ನನಗೆ ಸರಿಯಾದದ್ದೇ ಸಿಗುತ್ತಿತ್ತು.

ಆವತ್ತೇ ಔರಾದಿಗೆ ಹೋದೆ. ಬಸ್ಸಿನಿಂದಲೇ ಪ್ರಜ್ಞಾಳಿಗೆ ಫೋನ್ ಮಾಡಿ ಬರಹೇಳಿದೆ. ಅವಳು ಬಂದಳು. ಪ್ರಯೋಗಾಲಯದ ಹೆಸರಿನಿಂದ ಒಳಗೆ ಹೋಗಿ ಎದ್ದು ನಿಂತಳು. ನಾನು ಪಟ್ಟಿಯನ್ನು ತೆರೆದೆ. ಹೊಸ ಫೋಲ್ಡರು ಅದರಲ್ಲಿರಲಿಲ್ಲ. ಆ ಹೆಸರಿನ ಪ್ರೋಗ್ರಾಂ ಎಲ್ಲಿಂದ ಬರುತ್ತಿದೆ ಎಂದು ಕೇಳಿದೆ. ಯಂತ್ರ ಹಳೆಯ ಫೋಲ್ಡರಿನ ಹೆಸರು ಹೇಳಿತು. ಅದೇ ಬೋರಿಂಗಿನ ಫೈಲನ್ನು ಓಡಿಸಿದೆ. ವರದಿಯಲ್ಲಿದ್ದ ಕಡಿಮೆ ಅಂಕಿಯೇ ಬಂತು. ದಶಾಂಶದ ನಂತರದ ಎರಡು ಸ್ಥಾನವೂ ವ್ಯತ್ಯಾಸವಿಲ್ಲದೆ ಅದೇ.

ಯಂತ್ರ ಕೊನೆಗೆ ಯಾವಾಗ ಆರಿತ್ತು ಎಂದು ನೋಡಿದೆ. ಮಹಾನವಮಿ. ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಶಿವಪ್ಪನನ್ನು ಕೇಳಿದೆ.

"ಹೌದ್ರಿ, ಪೂಜಾ ಮಾಡಿದ್ವಿ. ಬಂದ್ ಮಾಡಿ, ಒರಸಿ, ಕುಂಕುಮ ಹಚ್ಚಿ, ಚೆಂಡಹೂ ಏರ್ಸಿದ್ವಿ. ವರ್ಷದಾಗ ಒಂದು ದಿನ ಅದಕ್ಕೂ ರಜಾ ಬ್ಯಾಡೇನ್ರಿ? ದಸಮಿ ಆದ ಮ್ಯಾಲೆ ಚಾಲೂ ಮಾಡಿದ್ವಿ. ಏನಾರ ಗಲತಿ ಆಯ್ತೇನ್ರಿ?"

ಅವನದು ಗಲತಿ ಅಲ್ಲ. ಪೂಜೆಗೆ ಯಂತ್ರ ಆರಿಸುವುದು ನಮ್ಮ ಕಡೆ ಎಲ್ಲ ಕಚೇರಿಯಲ್ಲೂ ನಡೆದುಬಂದದ್ದು, ನನಗೆ ಗೊತ್ತಿರಬೇಕಿತ್ತು. ಆರಿಸಿದ ಕೂಡಲೇ ನಾನು ತಾತ್ಕಾಲಿಕವಾಗಿ ಹೊಡೆದ ಸಾಲು ಹೋಯಿತು. ಮತ್ತೆ ಹೊತ್ತಿದಾಗ ಯಂತ್ರ ತನಗೆ ಗೊತ್ತಿದ್ದ ಹಳೆಯ ಪಟ್ಟಿಯನ್ನೇ ಹಿಡಿಯಿತು.

"ಪ್ರಜ್ಞಾ, ಯಂತ್ರ ಬಂದ್ ಆಗಿದ್ದು ನಿನಗ ಗೊತ್ತಿರಲಿಲ್ಲೇನಮ್ಮಾ?"

"ನಾ ರಜಾ ಮ್ಯಾಲಿದ್ದೆರಿ. ದಸಮಿ ಅಂದ್ರ ನಮಗ ಧಮ್ಮಚಕ್ರದ ದಿನ, ಬೌದ್ಧ ಧಮ್ಮ ತಗೊಂಡ ದಿನ. ಊರಾಗ ಬಿಳಿ ಸೀರಿ ಉಟ್ಕೊಂಡು ವಿಹಾರದಾಗ ಕುಂತಿದ್ದೆ." ಮೇಜಿನ ಮೇಲಿದ್ದ ಹಾಳೆಯನ್ನು ನನ್ನ ಕಡೆ ಸರಿಸಿ ಹೇಳಿದಳು, "ಈಗ ನೋಡಿದ್ದು ಬರ್ಕೊಳ್ರಿ ಸರ್. ಬಸ್ಸಿನ ಟೈಮ್ ನೋಡಬ್ಯಾಡ್ರಿ."

ಬರೆದುಕೊಂಡೆ. ಮೊದಲಿನ ಪಟ್ಟಿ, ಆಮೇಲಿನ ಪಟ್ಟಿ, ಎರಡು ಅಂಕಿ, ಎರಡು ಹೆಸರು. ಆಮೇಲೆ ಶುರುವಾಗುವ ಫೈಲಿನಲ್ಲಿ ಬರೆಯಬೇಕಾಗಿದ್ದ ಸಾಲನ್ನು ಬರೆದೆ. ಯಂತ್ರವನ್ನು ಆರಿಸಿ ಹೊತ್ತಿಸಿ ಮತ್ತೆ ನೋಡಿದೆ. ಎರಡು ನಿಮಿಷದ ಕೆಲಸ. ಮಹಾನವಮಿಯ ಈಚೆಗೆ ಹೋದ ಎಲ್ಲ ವರದಿಗಳನ್ನೂ ಮತ್ತೆ ಲೆಕ್ಕ ಹಾಕಿದೆವು. ಯೋಗ್ಯ ಎಂದು ತಪ್ಪಾಗಿ ಹೋಗಿದ್ದು ಆ ಒಂದೇ ಬೋರಿಂಗ್. ಮಿಕ್ಕವು ಯಾವ ಲೆಕ್ಕದಲ್ಲೂ ಮಿತಿಯೊಳಗೇ ಇದ್ದವು. ಒಂದೇ ಎಂದು ಬರೆಯುವಾಗ ಹಗುರವೆನಿಸಬಾರದು. ಒಂದು ಊರಿನ ಜನ ಅಷ್ಟು ವಾರ ಆ ನೀರು ಕುಡಿದಿದ್ದರು.

ಬೀದರಿಗೆ ಬಂದು ಮ್ಯಾನೇಜರ್ ಸಾಹೇಬರ ಮುಂದೆ ಹಾಳೆಗಳನ್ನು ಇಟ್ಟೆ. ಅವರು ಎರಡು ಸಲ ಓದಿದರು.

"ತಾಂತ್ರಿಕ ಕಾರಣ ಅಂತ ಒಂದು ಸಾಲು ಬರೀರಿ, ಸಾಕು. ಆಕಿನ್ನೂ ವಾಪಸ್ ತಗೋತೇವಿ. ಹಳೀ ಕಾಗಜ ಫೈಲ್ದಾಗ ಇರ್ಲಿ ಬಿಡ್ರಿ. ವರ್ಷದಾಗ ರಿಟೈರ್ ಆಗಾವರು, ನಿಮ್ಮ ಹೆಸರು ಯಾಕ ಕೆಡಿಸ್ಕೋತೀರಿ?"

ಒಂದು ಕ್ಷಣ ನನಗೆ ಆ ಮಾತು ಹಿಡಿಸಿತು. ಅದನ್ನು ಮುಚ್ಚಿಡುವುದಿಲ್ಲ. ಅವರ ಮೇಜಿನ ಮೇಲೆ ನನ್ನ ಹಳೆಯ ಐದು ಸಾಲೂ ಇದ್ದವು. ವರದಿಯಲ್ಲಿರುವ ಅಂಕಿ ಯಂತ್ರ ಕೊಟ್ಟದ್ದಲ್ಲ ಎಂಬ ಸಾಲನ್ನು ಮತ್ತೆ ಓದಿದೆ. ತಾಂತ್ರಿಕ ಕಾರಣ ಎಂದು ಬರೆದರೆ ಆ ಸಾಲು ಹಾಗೇ ಉಳಿಯುತ್ತಿತ್ತು.

"ಹಳೀದು ಸುಳ್ಳಾಗ್ಯಾದ್ರಿ ಸಾಹೇಬ್ರ. ಅದು ಸುಳ್ಳು ಅಂತ ಬರೀಲಿಕ್ಕಿ ನಾನೇ ಬೇಕು," ಎಂದೆ. ವಿಚಾರಣೆಯ ದಿನ ಹೊಸ ಹೇಳಿಕೆ ಕೊಟ್ಟೆ. ಸೆಟ್ಟಿಂಗ್ ಬರೆಯದೆ ಬಿಟ್ಟವನು ನಾನು, ಪ್ರಯೋಗಾಲಯದ ಹೆಸರಿನಿಂದ ನೋಡದೆ ಸಹಿ ಹಾಕಿದವನೂ ನಾನು ಎಂದು ಓದಿದೆ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಪ್ರಜ್ಞಾಳಿಗೆ ಕೆಲಸ ವಾಪಸ್ ಬಂತು.

ಮುಗಿಯಿತು ಎಂದುಕೊಂಡು ಹೊರಗೆ ಬಂದೆ. ಅವಳು ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು.

"ಸರ್, ಆಫೀಸಿನ ಕಾಗಜ ಆಫೀಸ್ದಾಗೇ ಇರ್ತದ್ರಿ. ನಮ್ಮೂರಾಗ ಅದನ್ನ ಯಾರು ಓದ್ತಾರ? ನೀವು ಬರ್ರಿ."

ಅವರ ಊರಿಗೆ ಹೋದದ್ದು ಒಂದು ಮುಂಜಾನೆ. ಬೋರಿಂಗಿನ ಹ್ಯಾಂಡಲ್ ಬಿಚ್ಚಿದ್ದರು, ಹಸಿರು ಫಲಕದ ಮೇಲೆ ಯಾರೋ ಡಾಂಬರು ಬಳಿದಿದ್ದರು. ಮೊದಲ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ತೊಗರಿ ಹಸನು ಮಾಡುತ್ತಿದ್ದಳು. ನಾನು ಕೈಮುಗಿದು, ಯಂತ್ರದಲ್ಲಿ ಒಂದೇ ಹೆಸರಿನ ಎರಡು ಪ್ರೋಗ್ರಾಂ ಇದ್ದದ್ದು, ಪಟ್ಟಿ, ಮಹಾನವಮಿ ಎಲ್ಲ ಬಿಡಿಸಿ ಹೇಳತೊಡಗಿದೆ. ಆಕೆ ಮೊರ ಕೆಳಗಿಟ್ಟು ಕೇಳಿದಳು.

"ಯಪ್ಪಾ, ಅದೆಲ್ಲ ನಮಗ ತಿಳಿಯಂಗಿಲ್ಲ. ತಪ್ಪು ಆಕಿದೋ ನಿಂದೋ, ಅದೊಂದು ಹೇಳು."

"ನಂದುರಿ."

"ಹಂಗನ್ನು ಮತ್ತ."

ಎರಡನೆಯ ಮನೆಯಲ್ಲಿ ಪಟ್ಟಿಯ ಮಾತು ಬಿಟ್ಟೆ. ಮೂರನೆಯದರಲ್ಲಿ ಮಹಾನವಮಿಯನ್ನು ಬಿಟ್ಟೆ. ಆರನೆಯದೋ ಏಳನೆಯದೋ ಮನೆಯ ಹೊತ್ತಿಗೆ ಯಂತ್ರ ಎಂಬ ಪದವೂ ಬಿಟ್ಟುಹೋಗಿತ್ತು. "ಪ್ರಜ್ಞಾ ಬರೋಬರ್ ಮಾಡ್ಯಾಳ್ರಿ. ನಾ ಸರಿಯಾಗಿ ನೋಡಲಿಲ್ಲ," ಎಂದಷ್ಟೇ ಹೇಳುತ್ತಿದ್ದೆ. ಕೆಲವರು ಬೈದರು. ಒಬ್ಬರು ಕೂಡ್ರಿ ಎಂದರು. ಒಬ್ಬ ಮುದುಕ, ಹೇಳೋದು ಹೇಳಿದಿ, ಕುಡದಿದ್ದು ಏನಾಗ್ತದ ಎಂದು ಕೇಳಿದ. ಪ್ರಜ್ಞಾ ಪ್ರತಿ ಮನೆಯಲ್ಲೂ ಎರಡು ಹೆಜ್ಜೆ ಹಿಂದೆ ನಿಂತಿದ್ದಳು.

ತನ್ನ ಮನೆಗೆ ಕೊನೆಯಲ್ಲಿ ಕರೆದುಕೊಂಡು ಹೋದಳು. ಅವಳ ತಾಯಿ ಹೊಸ್ತಿಲಲ್ಲಿ ಕುಳಿತಿದ್ದರು. ನಾನು ಚಪ್ಪಲಿ ಬಿಟ್ಟು, ಅದೇ ಎರಡು ಮಾತು ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಮಗಳನ್ನು ಕೇಳಿದರು.

"ಎಷ್ಟು ಮನಿಗಿ ಹೇಳ್ಯಾರ?"

"ಹದಿಮೂರಕ್ಕ, ಅವ್ವಾ."

ತಾಯಿ ಓಣಿಯ ಆ ಕಡೆ ಕೈ ಮಾಡಿದರು. ಅಲ್ಲಿ ಮುಚ್ಚಿದ ಬಾಗಿಲೊಂದಿತ್ತು. "ನನ್ನ ಎದುರಿಗೇ ಅಂದಾಕಿ ಮನ್ಯಾಗ ಅದಾಳ. ಬಾಗಲಾ ತಗಿಯೋ ತನಕ ನಿಲ್ಲು ಅನ್ನು."

ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟಿ ಹೋಗಿ ಆ ಬಾಗಿಲು ಬಡಿದೆ. ಒಳಗಿಂದ ಯಾರು ಎಂದರು. ನನ್ನ ಹೆಸರು ಹೇಳಿದೆ.